ಬೆಕ್ಕಿನ ಕಿಂಡಿಗೆ ನಾಲ್ಕು ಬಗೆಯ ಬಾಗಿಲು: ಮೂರು ಮಳೆಗಾಲ ಕಂಡ ಹೋಲಿಕೆ

ಕೊಡಗಿನ ಗಾಳಿಬೀಡಿನ ನಮ್ಮ ಮನೆಯಲ್ಲಿ ಅಡುಗೆಕೋಣೆಯಿಂದ ಹಿತ್ತಲಿಗೆ ತೆರೆಯುವ ಬಾಗಿಲು ಒಂದೂವರೆ ಅಂಗುಲ ದಪ್ಪದ ಹಲಸಿನ ಹಲಗೆಗಳದ್ದು. ಅದರಲ್ಲಿ ಬೆಕ್ಕಿಗೆಂದು ಕಿಂಡಿ ಕೊರೆಸೋಣವೆಂದು ನಾನು ಮೊದಲ ಸಲ ಹೇಳಿದಾಗ ಅತ್ತೆಯವರು ಉತ್ತರವನ್ನೇ ಕೊಡದೆ ಎದ್ದು ಹೋದರು. ಆದರೆ ಮಳೆಗಾಲದ ರಾತ್ರಿಗಳಲ್ಲಿ ಆರೇಳು ಸಲ ಎದ್ದು, ಪಡುವಣ ಗಾಳಿಗೆ ಓರೆಯಾಗಿ ರಾಚುವ ಮಳೆಯಲ್ಲಿ ಆ ಬಾಗಿಲನ್ನು ತೆರೆದು ಮುಚ್ಚುವ ಕೆಲಸ ಅವರ ಪಾಲಿಗೇ ಬಂದಿದ್ದರಿಂದ, ಕಕ್ಕಡ ತಿಂಗಳು (ಜುಲೈ-ಆಗಸ್ಟ್) ಮುಗಿಯುವಷ್ಟರಲ್ಲಿ ಬಡಗಿಯನ್ನು ಕರೆಸಲು ಅವರೇ ಹೇಳಿದರು. ಆಮೇಲೆ ಮೂರು ಮಳೆಗಾಲಗಳು ಕಳೆದಿವೆ. ಅಷ್ಟರಲ್ಲಿ ಅದೇ ಬಾಗಿಲಿನ ಅದೇ ಜಾಗದಲ್ಲಿ ನಾವು ರಬ್ಬರ್ ಪರದೆ, ನಾಲ್ಕು ಸ್ಥಿತಿಯ ಬೀಗವಿರುವ ಸಾದಾ ಪ್ಲಾಸ್ಟಿಕ್ ಬಾಗಿಲು, ಕೊರಳಪಟ್ಟಿಯ ಅಯಸ್ಕಾಂತಕ್ಕೆ ತೆರೆಯುವ ಬಾಗಿಲು ಮತ್ತು ಬೆಕ್ಕಿನ ಚರ್ಮದಡಿಯ ಮೈಕ್ರೋಚಿಪ್ ಓದಿ ತೆರೆಯುವ ಬಾಗಿಲು ಎಂಬ ನಾಲ್ಕನ್ನು ಒಂದಾದ ಮೇಲೊಂದು ಕೂರಿಸಿ ನೋಡಿದ್ದೇವೆ.

ಬೆಕ್ಕುಗಳು ಎರಡು. ಹೆಣ್ಣಿನ ಹೆಸರು ಪೂಚೆ. ಕೊಡವ ತಕ್ಕಿನಲ್ಲಿ, ಅಂದರೆ ಕೊಡವರ ಮಾತಿನಲ್ಲಿ, ಪೂಚೆ ಎಂದರೆ ಬೆಕ್ಕೇ ಆದ್ದರಿಂದ ಅದನ್ನು ಹೆಸರೆಂದು ಕರೆಯುವುದು ಕಷ್ಟ, ಆದರೆ ಅದು ಓಗೊಡುವುದು ಅದಕ್ಕೊಂದಕ್ಕೇ. ಗಂಡು ಕರಿಯ, ಐದು ಕಿಲೋ ದಾಟಿದ ದಢೂತಿ. ಪೇಟೆಯ ಮನೆಯಲ್ಲಿ ಇಂಥ ಬಾಗಿಲನ್ನು ಆರಿಸುವವರು ಬೆಕ್ಕು ಸಲೀಸಾಗಿ ನುಸುಳುತ್ತದೆಯೇ ಎಂದು ನೋಡಿದರೆ ಸಾಕಾದೀತು. ಕಾಫಿ ತೋಟದ ನಡುವಿನ ಮನೆಯಲ್ಲಿ ನೋಡಬೇಕಾದದ್ದು ಬೆಕ್ಕಿನ ಬೆನ್ನಿಗೆ ಇನ್ನು ಯಾರು ಬರುತ್ತಾರೆ ಎಂಬುದನ್ನು. ಊರ ಗಡವ ಬೆಕ್ಕು, ಕಪ್ಪೆ, ಹಾವು, ಮರದಿಂದ ಮರಕ್ಕೆ ಅಲೆಯುವ ಕಬ್ಬೆಕ್ಕು (ಪುನುಗು ಬೆಕ್ಕಿನ ಬಳಗದ ಕಾಡುಪ್ರಾಣಿ), ಇವೆಲ್ಲಕ್ಕಿಂತ ಹೆಚ್ಚಾಗಿ ಮಳೆ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಕಡೆ ಬಾಗಿಲಿನಲ್ಲಿ ಮಾಡಿದ ಯಾವ ತೂತೂ ಬರಿಯ ತೂತಾಗಿ ಉಳಿಯುವುದಿಲ್ಲ.

ಕೊರೆಯುವ ಮೊದಲು ಅಳತೆಯ ಮಾತು. ಕಿಂಡಿಯ ಕೆಳ ಅಂಚು ನೆಲದಿಂದ ಬೆಕ್ಕಿನ ಹೊಟ್ಟೆಯಷ್ಟು ಎತ್ತರದಲ್ಲಿರಬೇಕೆಂಬುದು ಸಾಮಾನ್ಯ ನಿಯಮ. ಪೂಚೆಯನ್ನು ನಿಲ್ಲಿಸಿ ಅಳೆದಾಗ 14 ಸೆಂ.ಮೀ. ಬಂತು, ಹಾಗೆಯೇ ಗುರುತು ಹಾಕಿದೆವು. ನಾವು ಮರೆತದ್ದು ಹೊರಗಿನ ನೆಲವನ್ನು. ನಮ್ಮ ಕಡೆಯ ಹೆಚ್ಚಿನ ಮನೆಗಳಂತೆ ಇಲ್ಲಿಯೂ ಹಿತ್ತಲು ಒಂದು ಮೆಟ್ಟಿಲು ಕೆಳಗಿದೆ. ಹೀಗಾಗಿ ಒಳಗಿನಿಂದ 14 ಸೆಂ.ಮೀ. ಇದ್ದ ಕಿಂಡಿ ಹೊರಗಿನಿಂದ 32 ಸೆಂ.ಮೀ. ಆಯಿತು. ಹೊರಗೆ ಹಾರುವಾಗ ತೊಂದರೆಯಿರಲಿಲ್ಲ, ಆದರೆ ಒದ್ದೆ ಕಾಲಿನಲ್ಲಿ ಒಳಗೆ ಹತ್ತುವಾಗ ಕರಿಯನ ಹಿಂಗಾಲು ಜಾರಿ ಅರ್ಧ ದೇಹ ಒಳಗೆ, ಅರ್ಧ ಹೊರಗೆ ಎಂಬಂತೆ ನೇತಾಡುತ್ತಿತ್ತು. ಹೊರಗೊಂದು ಕಲ್ಲು ಚಪ್ಪಡಿ ಇಟ್ಟ ಮೇಲೆ ಸರಿಹೋಯಿತು. ಬಡಗಿ ನಾಲ್ಕು ಮೂಲೆಗಳಲ್ಲಿ ಡ್ರಿಲ್ಲಿನಿಂದ ತೂತು ಹಾಕಿ, ಜಿಗ್‌ಸಾ ಬ್ಲೇಡನ್ನು ಒಂದರಿಂದ ಇನ್ನೊಂದಕ್ಕೆ ಎಳೆದು, ಹತ್ತೇ ನಿಮಿಷದಲ್ಲಿ ಕಿಂಡಿ ತೆಗೆದರು. ಅದರ ಮೂರು ಪಟ್ಟು ಹೊತ್ತು ಅವರು ಕೊಯ್ದ ಅಂಚುಗಳಿಗೆ ವಾರ್ನಿಷ್ ಕುಡಿಸುವುದರಲ್ಲಿ ಕಳೆದದ್ದನ್ನು ಆಗ ನಾನು ಅತಿಯೆಂದುಕೊಂಡೆ. ಎಳೆಗೆ ಅಡ್ಡವಾಗಿ ಕೊಯ್ದ ಮರದ ಮುಖ ಬತ್ತಿಯಂತೆ ನೀರೆಳೆಯುತ್ತದೆ ಎಂಬುದು ಮುಂದಿನ ಜುಲೈನಲ್ಲಿ ನನಗೂ ತಿಳಿಯಿತು.

ರಬ್ಬರ್ ಪರದೆಯ ವಿಷಯ ಬೇಗ ಮುಗಿಯುತ್ತದೆ. ಹಳೆಯ ಲಾರಿ ಟ್ಯೂಬಿನ ತುಂಡನ್ನು ಮೇಲಂಚಿಗೆ ಮೊಳೆ ಹೊಡೆದು ನೇತುಹಾಕಿದ್ದಕ್ಕೆ ಖರ್ಚು ಇಲ್ಲವೆನ್ನಬಹುದು, ಬೆಕ್ಕುಗಳು ಕಲಿಯುವುದಕ್ಕೂ ಒಂದು ದಿನ ಸಾಕಾಯಿತು. ಆದರೆ ಗಾಳಿ ಬೀಸಿದಾಗಲೆಲ್ಲ ಅದು ಬಾಗಿಲಿಗೆ ಪಟಪಟನೆ ಬಡಿಯುತ್ತಿತ್ತು, ಕೆಳಗಿನಿಂದ ನೀರು ಒಸರುತ್ತಿತ್ತು, ಮತ್ತು ಒಂದು ವಾರದೊಳಗೆ ಗ್ಯಾಸ್ ಒಲೆಯ ಕೆಳಗೆ ಒಂದು ದೊಡ್ಡ ಕಪ್ಪೆ ಸಂಸಾರ ಹೂಡಿತು. ಅಕ್ಟೋಬರಿನಲ್ಲಿ ಅದನ್ನು ಕಿತ್ತೆವು.

ನಾಲ್ಕು ಸ್ಥಿತಿಯ ಪ್ಲಾಸ್ಟಿಕ್ ಬಾಗಿಲು ನಿಜವಾದ ಅರ್ಥದಲ್ಲಿ ಮೊದಲನೆಯ ಬಾಗಿಲು. ಪಾರದರ್ಶಕ ರೆಕ್ಕೆಯ ಕೆಳ ಅಂಚಿನಲ್ಲೊಂದು ಅಯಸ್ಕಾಂತದ ಪಟ್ಟಿಯಿದ್ದು, ಬೆಕ್ಕು ದಾಟಿದ ಮೇಲೆ ಅದು ತಾನಾಗಿ ನಡುವಿಗೆ ಬಂದು ಅಂಟಿಕೊಳ್ಳುತ್ತದೆ. ಸುತ್ತಲಿನ ಕುಚ್ಚಿನಂಥ ಅಂಚು ಗಾಳಿಯನ್ನು ತಡೆಯುತ್ತದೆ. ಗುಂಡಿಯೊಂದನ್ನು ತಿರುಗಿಸಿ ಎರಡೂ ಕಡೆಗೆ, ಒಳಕ್ಕೆ ಮಾತ್ರ, ಹೊರಕ್ಕೆ ಮಾತ್ರ, ಪೂರ್ತಿ ಬಂದ್ ಎಂದು ಬೇಕಾದಂತೆ ಇಟ್ಟುಕೊಳ್ಳಬಹುದು. ತೋಟಗಳ ಆಸುಪಾಸಿನಲ್ಲಿ ಚಿರತೆಯ ಮಾತು ಆಗಾಗ ಬರುವುದರಿಂದ ನಮಗೆ ಇಷ್ಟವಾದದ್ದು ಎರಡನೆಯ ಸ್ಥಿತಿ: ಕತ್ತಲಾಗುವಾಗ ಒಳಕ್ಕೆ ಮಾತ್ರ ಎಂದು ತಿರುಗಿಸಿಟ್ಟರೆ ಹೊರಗಿದ್ದವು ಬಂದು ಸೇರುತ್ತವೆ, ಸೇರಿದವು ಮತ್ತೆ ಹೋಗುವುದಿಲ್ಲ.

ಈ ಏರ್ಪಾಡಿನ ಲೋಪ ನವೆಂಬರ್ ಕೊನೆಯ ಒಂದು ರಾತ್ರಿ ಗೊತ್ತಾಯಿತು. ಪಾತ್ರೆಗಳು ಉರುಳಿದ ಸದ್ದಿಗೆ ಎದ್ದು ದೀಪ ಹಾಕಿದಾಗ, ಅಟ್ಟದ ತೊಲೆಗೆ ತೂಗುಹಾಕಿದ್ದ ಬಾಳೆಗೊನೆಯ ಪಕ್ಕದಲ್ಲಿ ಕಬ್ಬೆಕ್ಕೊಂದು ಕುಳಿತಿತ್ತು. ಕೆಳಗಿನ ಎರಡು ಚಿಪ್ಪು ಹಣ್ಣು ಖಾಲಿ. ಸಿಪ್ಪೆಗಳು ಒಲೆಕಟ್ಟೆಯ ಮೇಲೆ. ಬೆಕ್ಕು ನುಗ್ಗುವ ಕಿಂಡಿಯಲ್ಲಿ ಅದೂ ನುಗ್ಗುತ್ತದೆ, ಎರಡರ ಮೈಯಳತೆಯಲ್ಲಿ ಅಂಥ ಅಂತರವಿಲ್ಲ. ಹಣ್ಣು ತಿಂದು ಹೊರಟುಹೋಗಬೇಕೆಂದರೆ ಬಾಗಿಲು ಒಳಕ್ಕೆ ಮಾತ್ರ. ಅದು ಇಳಿದು ಬಂದು ಉಗುರಿನಿಂದ ರೆಕ್ಕೆಯನ್ನು ಕೆರೆದು, ತೆರೆಯದಿದ್ದಾಗ ಮತ್ತೆ ಅಟ್ಟ ಹತ್ತಿ, ಹೆದರಿಕೆಗೆ ಬಿಟ್ಟ ಘಾಟು ಇಡೀ ಅಡುಗೆಕೋಣೆಯನ್ನು ತುಂಬಿತು. ದೊಡ್ಡ ಬಾಗಿಲನ್ನು ಹಾರುಹೊಡೆದು, ದೀಪ ಆರಿಸಿ, ನಾವೆಲ್ಲ ನಡುಮನೆಯಲ್ಲಿ ಉಸಿರು ಬಿಗಿಹಿಡಿದು ಕುಳಿತ ಮೇಲೆ ಅದು ಹೋಯಿತು. ನಮ್ಮ ಎರಡು ಬೆಕ್ಕುಗಳು ಅಷ್ಟು ಹೊತ್ತೂ ಹಾಸಿಗೆಯಡಿಯಿಂದ ಕದಲಿರಲಿಲ್ಲ. ಆ ಉಗುರಿನ ಗೀರುಗಳು ಪ್ಲಾಸ್ಟಿಕ್ಕಿನ ಮೇಲೆ ಕೊನೆಯವರೆಗೂ ಇದ್ದವು. ನಮ್ಮ ಬೆಕ್ಕಿಗೆ ತೆರೆಯುವ ಬೀಗ ಎಲ್ಲರಿಗೂ ತೆರೆಯುತ್ತದೆ ಎಂಬುದು ಈ ಬಗೆಯ ಬಾಗಿಲಿನ ಮೂಲ ಮಿತಿ. ಗುಂಡಿಯನ್ನು ಹೇಗೆ ತಿರುಗಿಸಿದರೂ ಅದು ಬದಲಾಗದು.

ಎರಡನೆಯ ತೊಂದರೆಗೆ ಬಾಗಿಲನ್ನು ತಯಾರಿಸಿದವರು ಹೊಣೆಯಲ್ಲ. ಜುಲೈನಲ್ಲಿ ಹಲಸಿನ ಹಲಗೆಗಳು ತೇವ ಕುಡಿದು ಉಬ್ಬಿ ಸ್ವಲ್ಪ ಬಾಗಿದವು; ಎರಡು ಹಲಗೆಗಳಿಗೆ ಸೇರಿಸಿ ಬಿಗಿದಿದ್ದ ಪ್ಲಾಸ್ಟಿಕ್ ಚೌಕಟ್ಟೂ ಜೊತೆಗೆ ತಿರುಚಿಕೊಂಡಿತು. ರೆಕ್ಕೆಯ ಎಡ ಅಂಚು ಚೌಕಟ್ಟಿಗೆ ಒರೆಯತೊಡಗಿ, ಬೆಕ್ಕು ದಾಟಿದ ಮೇಲೆ ಅದು ಅರ್ಧಕ್ಕೆ ನಿಂತು ಮಳೆಯನ್ನು ಒಳಗೆ ಬಿಡುತ್ತಿತ್ತು. ಬಡಗಿ ಬಂದು ಮಾಡಿದ್ದು ಸರಳ ಕೆಲಸ: ಚೌಕಟ್ಟಿನ ಸುತ್ತ 3 ಮಿ.ಮೀ. ಎಡೆ ಬಿಡಿಸಿ, ತಿರುಪಿನ ತೂತುಗಳನ್ನು ಅಡ್ಡಕ್ಕೆ ಉದ್ದ ಮಾಡಿ, ತಿರುಪನ್ನು ಬಿಗಿಯದೆ ಕೈಗೆ ಸಿಗುವಷ್ಟು ಮಾತ್ರ ತಿರುಗಿಸಿ, ಎಡೆಗೆ ಮೆತ್ತನೆಯ ಸಿಲಿಕೋನ್ ತುಂಬಿದರು. ಮರ ಹಿಗ್ಗಿದರೂ ಕುಗ್ಗಿದರೂ ಚೌಕಟ್ಟು ತನ್ನಷ್ಟಕ್ಕೆ ತಾನಿರುತ್ತದೆ. ಯಾವ ಬಾಗಿಲನ್ನು ಕೊಂಡರೂ ಮಲೆನಾಡಿನಲ್ಲಿ ಕೂರಿಸುವವರು ಇಷ್ಟನ್ನು ಮಾತ್ರ ಬಿಡಬಾರದು. ಹೊರಗಿನಿಂದ ಒಂದು ಗೇಣು ಅಗಲದ ತಗಡಿನ ಮಾಡನ್ನೂ ಅದೇ ದಿನ ಹೊಡೆಸಿದೆವು.

ಅದೇ ಮಳೆಗಾಲದಲ್ಲಿ ಊರ ಗಡವ ಬೆಕ್ಕು ಒಳಗೆ ಬರಲು ಕಲಿಯಿತು. ಕರಿಯನ ಅನ್ನದ ತಟ್ಟೆ ಮಾತ್ರವಲ್ಲ, ಅವನ ಮರ್ಯಾದೆಯೂ ಹೋಯಿತು. ಮೂಲೆಮೂಲೆಯಲ್ಲಿ ಗಂಡು ಬೆಕ್ಕಿನ ಗುರುತು ಒರೆಸಿ ಒರೆಸಿ ಸಾಕಾಗಿ ನಾವು ಅಯಸ್ಕಾಂತದ ಬಾಗಿಲನ್ನು ತರಿಸಿದೆವು. ಕೊರಳಪಟ್ಟಿಗೆ ತಗುಲಿಸಿದ ಪುಟ್ಟ ಅಯಸ್ಕಾಂತ ಹತ್ತಿರ ಬಂದಾಗ ಒಳಗಿನ ಚಿಲಕ ಸರಿಯುತ್ತದೆ, ಅಷ್ಟೇ ತಂತ್ರ. ಬ್ಯಾಟರಿಯ ಗೊಡವೆ ಇಲ್ಲ, ಬೆಲೆಯೂ ಸಾದಾ ಬಾಗಿಲಿಗಿಂತ ಹೆಚ್ಚೇನಲ್ಲ. ಕಾಗದದ ಮೇಲೆ ಎಲ್ಲವೂ ಚೆನ್ನಾಗಿತ್ತು. ಆದರೆ ಕಾಫಿ ಗಿಡಗಳ ನಡುವೆ ತಿರುಗುವ ಬೆಕ್ಕಿನ ಕೊರಳಿಗೆ ಪಟ್ಟಿ ಕಟ್ಟುವುದಾದರೆ ಕೊಂಬೆಗೆ ಸಿಕ್ಕಿದಾಗ ತಾನೇ ಬಿಚ್ಚಿಕೊಳ್ಳುವಂಥದ್ದನ್ನೇ ಕಟ್ಟಬೇಕು, ಇಲ್ಲವಾದರೆ ಪ್ರಾಣಕ್ಕೆ ಕುತ್ತು; ಬಿಚ್ಚಿಕೊಳ್ಳುವ ಪಟ್ಟಿ ಕಟ್ಟಿದರೆ ಅದು ಬಿಚ್ಚಿಕೊಳ್ಳುತ್ತದೆ. ಆರು ತಿಂಗಳಲ್ಲಿ ಪೂಚೆ ಮೂರು, ಕರಿಯ ಎರಡು ಪಟ್ಟಿಗಳನ್ನು ಅಯಸ್ಕಾಂತದ ಸಮೇತ ತೋಟಕ್ಕೆ ಅರ್ಪಿಸಿದವು. ಒಂದು ಮಾತ್ರ ಕಾಫಿ ಕೊಯ್ಯುವಾಗ ಕೆಲಸದವರಿಗೆ ಸಿಕ್ಕಿತು. ಪಟ್ಟಿ ಕಳೆದ ರಾತ್ರಿ ಬೆಕ್ಕು ಹೊರಗೇ ಉಳಿದು ಬಾಗಿಲ ಬಳಿ ಕೂಗುವುದು, ಅತ್ತೆಯವರು ಎದ್ದು ತೆರೆಯುವುದು, ಹೀಗೆ ಮೊದಲಿದ್ದಲ್ಲಿಗೇ ಬಂದೆವು. ಅಲ್ಲದೆ ಅಯಸ್ಕಾಂತ ಮೊಳೆ, ಗುಂಡುಪಿನ್ನು, ತಂತಿಯ ಚೂರು ಎಲ್ಲವನ್ನೂ ಹೆಕ್ಕಿಕೊಂಡು ಬರುತ್ತಿತ್ತು. ಒಂದು ಬೆಳಿಗ್ಗೆ ಕರಿಯ ಹಾಲಿನ ಸ್ಟೀಲ್ ಬಟ್ಟಲಿಗೆ ಬಾಯಿಟ್ಟವನು ಬಟ್ಟಲನ್ನು ಕೊರಳಿಗೆ ಅಂಟಿಸಿಕೊಂಡೇ ಓಡಿದ. ಅದನ್ನು ಬೇಡವೆನ್ನಲು ನಮಗೆ ಮತ್ತೊಂದು ಮಳೆಗಾಲ ಬೇಕಾಗಲಿಲ್ಲ.

ಮೈಕ್ರೋಚಿಪ್ ಬಾಗಿಲಿಗೆ ನಾವು ಕೊನೆಗೆ ಬಂದದ್ದು ಬೆಲೆಯ ಕಾರಣಕ್ಕೆ. ಹೊರದೇಶದಿಂದ ಬರುವ ಅದು ಸಾದಾ ಬಾಗಿಲಿನ ಐದಾರು ಪಟ್ಟು ಬೀಳುತ್ತದೆ, ಚಿಪ್ ಹಾಕಿಸುವ ಖರ್ಚು ಬೇರೆ. ಚಿಪ್ ಎಂದರೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಗಾಜಿನ ಗುಳಿಗೆ. ಪಶುವೈದ್ಯರು ಅದನ್ನು ಸೂಜಿಯಿಂದ ಎರಡು ಹೆಗಲುಗಳ ನಡುವೆ ಚರ್ಮದಡಿ ಇಡುತ್ತಾರೆ. ಅದರೊಳಗೆ ಬ್ಯಾಟರಿ ಇಲ್ಲ, 15 ಅಂಕಿಗಳ ಒಂದು ಸಂಖ್ಯೆ ಮಾತ್ರ ಇದೆ. ಬಾಗಿಲಿನ ಸುರಂಗದಲ್ಲಿರುವ ತಂತಿಯ ಸುರುಳಿ 134.2 ಕಿಲೋಹರ್ಟ್ಸ್ ರೇಡಿಯೊ ಅಲೆಯನ್ನು ಬಿಟ್ಟಾಗ ಆ ಶಕ್ತಿಯಿಂದಲೇ ಎಚ್ಚೆತ್ತು ಸಂಖ್ಯೆಯನ್ನು ಹೇಳುತ್ತದೆ. ಗುಂಡಿ ಒತ್ತಿ, ಒಣಮೀನಿನ ತುಂಡು ತೋರಿಸಿ, ಬೆಕ್ಕು ತಲೆ ತೂರಿಸುವಂತೆ ಮಾಡಿದರೆ ಬಾಗಿಲು ಆ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತದೆ.

ನಮ್ಮ ಬಾಗಿಲು ಮಾತ್ರ ಮೊದಲ ದಿನ ಏನನ್ನೂ ನೆನಪಿಟ್ಟುಕೊಳ್ಳಲಿಲ್ಲ. ಕರಿಯ ತಲೆ ತೂರಿಸಿ, ಮೀನು ತಿಂದು, ಹಿಂದೆ ಸರಿದ, ಚಿಲಕ ಕದಲಲಿಲ್ಲ. ಹತ್ತು ತುಂಡು ಮೀನು ಖರ್ಚಾದ ಮೇಲೆ ಕಾರಣ ಹೊಳೆಯಿತು. ಮಳೆನೀರಿಗೆ ಬಾಗಿಲಿನ ಬುಡ ಕೊಳೆಯದಿರಲೆಂದು ನಮ್ಮ ಕಡೆ ಹಲವರು ಹೊಡೆಸುವಂತೆ ನಾವೂ ಕೆಳಗಿನ ಒಂದೂವರೆ ಅಡಿಗೆ ಅಲ್ಯೂಮಿನಿಯಂ ತಗಡು ಹೊಡೆಸಿದ್ದೆವು. ಸುರುಳಿಯನ್ನು ಲೋಹ ಸುತ್ತುವರಿದರೆ ಅಲೆ ದುರ್ಬಲವಾಗಿ ಚಿಪ್ಪನ್ನು ಎಬ್ಬಿಸುವುದಿಲ್ಲ. ಕಿಂಡಿಯ ಸುತ್ತ ನಾಲ್ಕು ಬೆರಳಿನಷ್ಟು ತಗಡನ್ನು ಕತ್ತರಿಸಿ ತೆಗೆದು ಆ ಜಾಗಕ್ಕೆ ಬಣ್ಣ ಬಳಿದ ಮೇಲೆ ಮೊದಲ ಪ್ರಯತ್ನದಲ್ಲೇ ಟಕ್ಕೆಂದಿತು.

ಆ ಟಕ್ಕೆಂಬ ಸದ್ದಿಗೆ ಪೂಚೆ ಒಗ್ಗಿಕೊಳ್ಳಲು ಮೂರು ವಾರ ಹಿಡಿಯಿತು. ಬಾಗಿಲು ಸಂಖ್ಯೆ ಓದಿ ಚಿಲಕ ಬಿಡುವವರೆಗೆ ಒಂದು ಕ್ಷಣ ತಲೆ ಒಳಗಿಟ್ಟು ಕಾಯಬೇಕು; ಕಾಯುವುದು ಬೆಕ್ಕಿನ ಸ್ವಭಾವವಾದರೂ ಮಳೆಯಲ್ಲಿ ಕಾಯುವುದಲ್ಲ. ರೆಕ್ಕೆಯನ್ನು ಟೇಪಿನಿಂದ ಪೂರ್ತಿ ಎತ್ತಿಟ್ಟು, ದಿನಕ್ಕಿಷ್ಟೆಂದು ಇಳಿಸುತ್ತಾ ಬಂದೆವು. ಗಡವ ಬೆಕ್ಕಾದರೂ ಸುಲಭಕ್ಕೆ ಸೋಲೊಪ್ಪಲಿಲ್ಲ. ನಾವು ತಂದ ಮಾದರಿ ಒಳಗೆ ಬರುವವರ ಚಿಪ್ಪನ್ನು ಮಾತ್ರ ಓದುತ್ತದೆ, ಹೊರಗೆ ಹೋಗುವ ದಾರಿ ಮುಕ್ತ. ಅದು ರೆಕ್ಕೆಯ ಅಂಚಿಗೆ ಉಗುರು ಸಿಕ್ಕಿಸಿ ಹೊರಕ್ಕೆಳೆದು ನುಸುಳಲು ಕಲಿಯಿತು. ಹೊರಗಡೆಗೂ ಚಿಲಕ ಬೀಳುವಂತೆ ಮಾಡುವ ಇನ್ನೊಂದು ಸ್ಥಿತಿ ಅದರಲ್ಲಿದೆಯೆಂದು ಕೈಪಿಡಿಯನ್ನು ಪೂರ್ತಿ ಓದಿದ ಮೇಲೆ ತಿಳಿದು, ಹಾಗೆ ಇಟ್ಟಂದಿನಿಂದ ಅದರ ಕಾಟ ತಪ್ಪಿತು. ಕಬ್ಬೆಕ್ಕೂ ಮತ್ತೆ ಒಳಗೆ ಬಂದಿಲ್ಲ. ಚಪ್ಪಡಿಯ ಮೇಲೆ ಅದರ ಹೆಜ್ಜೆ ಕಂಡಿದ್ದೇವೆ.

ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟ್ ಹೋಗುವುದು ನಮ್ಮಲ್ಲಿ ಮಾಮೂಲು. ಪೆನ್ಸಿಲ್ ಸೆಲ್ ನಾಲ್ಕರಿಂದ ನಡೆಯುವ ಈ ಬಾಗಿಲಿಗೆ ಅದರ ಪರಿವೆಯಿಲ್ಲ. ಸೆಲ್ಲುಗಳು ಬೇಸಿಗೆಯಲ್ಲಿ ಬಾಳಿದಷ್ಟು ಮಳೆಯಲ್ಲಿ ಬಾಳುವುದಿಲ್ಲ; ಸುರಂಗದ ಒಳಗಿನ ಸಂವೇದಕದ ಮೇಲೆ ಕೆಸರು, ಕೂದಲು ಮೆತ್ತಿದರೆ ಅದು ಬೆಕ್ಕು ಬಂದಿದೆಯೆಂದು ಮತ್ತೆಮತ್ತೆ ಎಚ್ಚರಗೊಂಡು ಸೆಲ್ ತಿನ್ನುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸುವುದನ್ನು ರೂಢಿಸಿಕೊಂಡ ಮೇಲೆ ಏಳು ತಿಂಗಳು ಬಂದಿದೆ.

ಬೆಕ್ಕು ಬಾಯಲ್ಲಿ ಏನು ಕಚ್ಚಿಕೊಂಡು ಬರುತ್ತದೆ ಎಂಬುದನ್ನು ನಾವು ತಂದ ನಾಲ್ಕರಲ್ಲಿ ಯಾವುದೂ ಕೇಳುವುದಿಲ್ಲ. ಹೋದ ಆಗಸ್ಟಿನಲ್ಲಿ ಪೂಚೆ ತನ್ನ 15 ಅಂಕಿಗಳನ್ನು ಸರಿಯಾಗಿ ಒಪ್ಪಿಸಿ, ಇನ್ನೂ ಜೀವವಿದ್ದ ಹಸಿರು ಹಾವೊಂದನ್ನು ತಂದು ನಡುಮನೆಯಲ್ಲಿ ಬಿಟ್ಟಳು. ಅವಳ ಕಿವಿಯ ಹಿಂದೆ ಕಚ್ಚಿಕೊಂಡಿದ್ದ ಇಂಬಳವೂ ಅದೇ ಸಂಖ್ಯೆಯಲ್ಲಿ ಒಳಗೆ ಬಂದಿತ್ತು.

ಹೊಸದಾಗಿ ಕೂರಿಸುವವರು ನನ್ನನ್ನು ಕೇಳಿದರೆ, ಸುತ್ತ ಬೇರೆ ಬೆಕ್ಕುಗಳೂ ಕಾಡೂ ಇಲ್ಲದ ಕುಶಾಲನಗರದಂಥ ಪೇಟೆಯ ಮನೆಗೆ ನಾಲ್ಕು ಸ್ಥಿತಿಯ ಸಾದಾ ಬಾಗಿಲೇ ಸಾಕು, ತೋಟದ ಮನೆಗಾದರೆ ನಡುವಿನದನ್ನೆಲ್ಲ ಬಿಟ್ಟು ನೇರವಾಗಿ ಚಿಪ್ಪಿನದಕ್ಕೇ ಹೋಗಿ ಎನ್ನುತ್ತೇನೆ. ನಮ್ಮ ಹಾಗೆ ಒಂದೊಂದಾಗಿ ಬದಲಿಸುವುದರಲ್ಲಿ ಇನ್ನೊಂದು ನಷ್ಟವಿದೆ: ಪ್ರತಿ ಮಾದರಿಯ ಅಳತೆ ಬೇರೆ, ಕಿಂಡಿಯನ್ನು ಹಿಗ್ಗಿಸಬಹುದೇ ಹೊರತು ಕುಗ್ಗಿಸಲಾಗದು. ಈಗಿನ ಬಾಗಿಲು ನಿಂತಿರುವುದು ಹಲಸಿನ ಮರದ ಮೇಲಲ್ಲ, ದೊಡ್ಡದಾಗಿಬಿಟ್ಟ ಕಿಂಡಿಯನ್ನು ಮುಚ್ಚಲು ಹೊಡೆದ, ನೀರು ತಾಳುವ ಮರೈನ್ ಪ್ಲೈವುಡ್ ತುಂಡಿನ ಮೇಲೆ.

ಲಾರಿ ಟ್ಯೂಬಿನ ಪರದೆಯನ್ನು ಬಿಸಾಡಲಿಲ್ಲ. ಒಣಗಿದ ಕಾಫಿ ಮೂಟೆಗಳನ್ನಿಡುವ ಉಗ್ರಾಣದ ಬಾಗಿಲಿಗೆ ಅದನ್ನು ಹೊಡೆಸಿದ್ದೇವೆ. ಅಲ್ಲಿ ಬಾಳೆಗೊನೆಯಿಲ್ಲ, ಹಾಲಿಲ್ಲ, ಇರುವುದು ಇಲಿಗಳು. ಹಿಡಿಯಲು ನಮ್ಮವೇ ಬರಲಿ, ಊರ ಗಡವನೇ ಬರಲಿ, ಅಭ್ಯಂತರವಿಲ್ಲ.