ಅಸಲಿ ಮೂಳೆಯೋ, ಅಚ್ಚಿನದೋ?

ಕೋಲಾರದ ಮ್ಯೂಸಿಯಂಗೆ ಡೈನೋಸಾರ್ ಅಸ್ಥಿಪಂಜರ ಬೇಕಾದರೆ ಹೊರಗಿನಿಂದಲೇ ತರಬೇಕು. ನಮ್ಮ ಬಂಡೆಗಳು ಡೈನೋಸಾರ್‌ಗಳಿಗಿಂತ 200 ಕೋಟಿ ವರ್ಷಕ್ಕೂ ಜಾಸ್ತಿ ಹಳೆಯವು. ಇಲ್ಲಿ ಅಗೆದರೆ ಮೂಳೆ ಸಿಗುವುದಿಲ್ಲ. ಹಾಗಾದರೆ ತರುವುದು ಅಸಲಿ ಮೂಳೆಯನ್ನೋ, ಅಚ್ಚನ್ನೋ (ಅಂದ್ರೆ ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲನ್ನೋ)?

ಅಸಲಿ ಮೂಳೆ ಅಂದ್ರೆ ಪಳೆಯುಳಿಕೆ, ಕಲ್ಲೇ. ವಿಪರೀತ ಭಾರ. ಒಂದೊಂದು ಬೆನ್ನೆಲುಬಿಗೂ ಅದರ ಸೊಟ್ಟಕ್ಕೆ ತಕ್ಕಂತೆ ಕಬ್ಬಿಣ ಬಗ್ಗಿಸಿ ಆಸರೆ ಕೊಡಬೇಕು. ಬೆಲೆಯಂತೂ ಕೇಳಲೇಬೇಡಿ: 2020ರಲ್ಲಿ ‘ಸ್ಟಾನ್’ ಎಂಬ ಟಿ. ರೆಕ್ಸ್ ಡೈನೋಸಾರ್‌ನ ಅಸ್ಥಿಪಂಜರ 3 ಕೋಟಿ ಡಾಲರ್‌ಗೂ ಮೇಲೆ ಹರಾಜಾಯಿತು.

ಫೈಬರ್‌ಗ್ಲಾಸ್ ಅಚ್ಚು ಹಗುರ. ಕಬ್ಬಿಣದ ಸರಳು ಮೂಳೆಯೊಳಗೇ ಅಡಗುತ್ತದೆ. ಮಕ್ಕಳು ಹಲ್ಲಿನ ಗರಗಸದಂಥ ಅಂಚನ್ನು ಬೆರಳಿನಿಂದ ಸವರಿ ನೋಡಬಹುದು, ಅದು ದೊಡ್ಡ ವಿಷಯ ಅಲ್ವಾ? ಲಂಡನ್ನಿನಲ್ಲಿ 1905ರಿಂದ ದಶಕಗಳ ಕಾಲ ಜನರ ಮನಗೆದ್ದ ‘ಡಿಪ್ಪಿ’ ಎಂಬ ಡೈನೋಸಾರ್ ಅಸ್ಥಿಪಂಜರ ಕೂಡ ಪ್ಲಾಸ್ಟರ್ ಅಚ್ಚೇ.

ನನ್ನ ಓಟು ಅಚ್ಚಿಗೆ. ಬೋರ್ಡಿನಲ್ಲಿ ಮಾತ್ರ ‘ಇದು ಅಚ್ಚು’ ಅಂತ ದೊಡ್ಡದಾಗಿ ಬರೆಸಿ. ಅಸಲಿ ನೋಡಲೇಬೇಕಾದರೆ ಕೋಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಗೋದಾವರಿ ಕಣಿವೆಯ ಬಾರಾಪಾಸಾರಸ್ ಎಂಬ ಡೈನೋಸಾರ್ ನಿಂತಿದೆ.