ಫೋಟೋದಲ್ಲಿ ಒರಿಜಿನಲ್, ಡಬ್ಬದಲ್ಲಿ ಡೂಪ್ಲಿಕೇಟ್: ಡೈನೋಸಾರ್ ಫಿಗರ್ ಕೊಳ್ಳುವವರು ಎಚ್ಚರ

ಡೈನೋಸಾರ್ ಫಿಗರ್ (ಪ್ಲಾಸ್ಟಿಕ್ಕಿನ ಪುಟ್ಟ ಗೊಂಬೆ) ಸಂಗ್ರಹಿಸುವವರು, ಮಕ್ಕಳಿಗೆ ಒಳ್ಳೆಯ ಫಿಗರ್ ಹುಡುಕುತ್ತಿರುವ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. "ವಿದೇಶಕ್ಕೆ ಹೋಗ್ತಿದ್ದೀನಿ, ಕಲೆಕ್ಷನ್ ಖಾಲಿ ಮಾಡ್ತಿದ್ದೀನಿ, ಎಲ್ಲಾ ಒಟ್ಟಿಗೆ ತಗೊಂಡ್ರೆ ಕಡಿಮೆಗೆ ಕೊಡ್ತೀನಿ" ಅನ್ನುವ ಜಾಹೀರಾತು ಹಳೆ ಸಾಮಾನು ಮಾರುವ ಆ್ಯಪ್‌ನಲ್ಲಿ ಕಂಡರೆ ಹುಷಾರು. ಅಂಥದ್ದೇ ಒಂದು ಜಾಹೀರಾತಿನಿಂದ ನನ್ನ 14,500 ರೂಪಾಯಿ ಹೋಗಿದೆ. ಹಣಕ್ಕಿಂತ ಜಾಸ್ತಿ ಸಿಟ್ಟು ಬಂದಿರುವುದು ಮೋಸ ಮಾಡಿದ ರೀತಿಗೆ. ಕಂಪನಿ ಗುರುತು ಇರುವ ಹೊಟ್ಟೆಯಡಿಯ ಫೋಟೋ ಕೇಳಿ, ವಿಡಿಯೋ ಕಾಲ್ ಮಾಡಿ ಎಂದು ನಾವೆಲ್ಲ ಒಬ್ಬರಿಗೊಬ್ಬರು ಹೇಳಿಕೊಡುತ್ತೇವಲ್ವಾ? ಅದನ್ನೆಲ್ಲ ಚೆನ್ನಾಗಿ ಬಲ್ಲವನೊಬ್ಬ ಅದನ್ನೇ ಬಳಸಿಕೊಂಡು ಈ ಮೋಸ ಮಾಡಿದ್ದಾನೆ.

ಅವನು ಒಟ್ಟಿಗೆ ಮಾರುತ್ತಿದ್ದ ಲಾಟ್‌ನಲ್ಲಿ ಐದು ಫಿಗರ್ ಇದ್ದವು. ಪಾಪೋ ಕಂಪನಿಯ 2005ರ ಕಂದು ಬಣ್ಣದ ಟಿ. ರೆಕ್ಸ್, ಕಾರ್ನೆಗಿ ಸರಣಿಯ ಸ್ಪೈನೋಸಾರಸ್, ಇನ್ವಿಕ್ಟಾದ ಸ್ಟೆಗೋಸಾರಸ್, ಜೊತೆಗೆ ಶ್ಲೈಕ್ ಕಂಪನಿಯ ಟ್ರೈಸೆರಟಾಪ್ಸ್ ಮತ್ತು ಒಂದು ಮ್ಯಾಮತ್.

ಹೊಸಬರಿಗೆ ಇವುಗಳ ಬೆಲೆ ಯಾಕೆ ಅಷ್ಟು ಎಂದು ಗೊತ್ತಿರಲಿ. ಪಾಪೋ ಫ್ರಾನ್ಸಿನ ಕಂಪನಿ. ಅವರ ಆ ಟಿ. ರೆಕ್ಸ್ ನೋಡಲು ಜುರಾಸಿಕ್ ಪಾರ್ಕ್ ಸಿನಿಮಾದ ಪ್ರಾಣಿಯ ಹಾಗೇ ಇದೆ. ಚರ್ಮದ ಸುಕ್ಕು, ಕತ್ತಿನ ಮಡಿಕೆ, ತೆರೆದು ಮುಚ್ಚುವ ದವಡೆ ಎಲ್ಲವೂ ಇದೆ. ಅಷ್ಟು ಜನಪ್ರಿಯ ಆಗಿದ್ದಕ್ಕೇ ಅದರ ಡೂಪ್ಲಿಕೇಟ್‌ಗಳೂ ಲೆಕ್ಕವಿಲ್ಲದಷ್ಟು ಬಂದವು. ಕಾರ್ನೆಗಿ ಸರಣಿಯನ್ನು ಅಮೆರಿಕದ ಸಫಾರಿ ಲಿಮಿಟೆಡ್ ಕಂಪನಿಯು ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮ್ಯೂಸಿಯಂ ಜೊತೆ ಸೇರಿ 1988ರಲ್ಲಿ ಶುರು ಮಾಡಿತು, 2015ರಲ್ಲಿ ನಿಲ್ಲಿಸಿತು. ಇನ್ವಿಕ್ಟಾ ಇಂಗ್ಲೆಂಡಿನ ಲೆಸ್ಟರ್ ಕಡೆಯ ಕಂಪನಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗಾಗಿ 1970ರ ದಶಕದಿಂದ ಫಿಗರ್ ಮಾಡಿತು. ಹೆಚ್ಚಿನವು ಒಂದೇ ಬಣ್ಣದ ಪ್ಲಾಸ್ಟಿಕ್ಕಿನವು, ಅಳತೆ 1:45, ಅಂದರೆ ನಿಜವಾದ ಪ್ರಾಣಿಯ 45ನೇ ಒಂದು ಭಾಗ. ಈಗ ಇವೆರಡೂ ಹೊಸದಾಗಿ ಬರುವುದಿಲ್ಲ. ಯಾರಾದರೂ ಮಾರಿದರೆ ಮಾತ್ರ ಸಿಗುತ್ತವೆ.

ನಮ್ಮ ದೇಶದಲ್ಲಿ ಇನ್ನೊಂದು ಕಾರಣವೂ ಇದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ವಿದೇಶಿ ಫಿಗರ್ ಹೊಸದಾಗಿ ಕೊಳ್ಳುವುದು ಕೈಗೆಟುಕದ ಮಾತಾದಾಗ ಜನ ಸೆಕೆಂಡ್ ಹ್ಯಾಂಡ್ ಕಡೆ ತಿರುಗುತ್ತಾರೆ. ಮೋಸಗಾರರಿಗೂ ಅದು ಗೊತ್ತು.

ಮಾರುವವನ ಜೊತೆ ಮಾತು ಚೆನ್ನಾಗಿಯೇ ನಡೆಯಿತು. ಕೇಳಿದ ತಕ್ಷಣ ಪ್ರತಿ ಫಿಗರ್‌ನ ಹೊಟ್ಟೆಯಡಿಯ ಗುರುತಿನ ಫೋಟೋ ಕಳಿಸಿದ. ಕಂಪನಿ ಹೆಸರು, ವರ್ಷ ಎಲ್ಲ ಸ್ಪಷ್ಟವಾಗಿ ಓದಬಹುದಿತ್ತು. ಆ ದಿನದ ತಾರೀಕು ಬರೆದ ಚೀಟಿಯನ್ನು ಪಕ್ಕದಲ್ಲಿಟ್ಟು ಇನ್ನೊಂದು ಫೋಟೋ ತೆಗೆದ. ವಿಡಿಯೋ ಕಾಲ್‌ನಲ್ಲಿ ಟಿ. ರೆಕ್ಸ್‌ನ ದವಡೆ ತೆರೆದು ತೋರಿಸಿದ. ಚೌಕಾಸಿಗೂ ಒಪ್ಪಿದ. ದುಡ್ಡು ಮಾತ್ರ ಆ್ಯಪ್ ಮೂಲಕ ಬೇಡ, ಕಮಿಷನ್ ಹೋಗುತ್ತದೆ, ನೇರ ಯುಪಿಐ ಮಾಡಿ ಅಂದ. ಅವನ ಇಡೀ ಮೋಸ ನಿಂತಿರುವುದು ಈ ಒಂದು ಮಾತಿನ ಮೇಲೆ.

ಡಬ್ಬ ಬಂತು. ಬಿಚ್ಚುವಾಗ ವಿಡಿಯೋ ಮಾಡಿದೆ. ಮೇಲೆ ಟ್ರೈಸೆರಟಾಪ್ಸ್, ಮ್ಯಾಮತ್. ಎರಡೂ ಅಪ್ಪಟ ಒರಿಜಿನಲ್. ಕಡಿಮೆ ಬೆಲೆಯ ಎರಡನ್ನು ಸಾಚಾ ಕಳಿಸಿ ನಂಬಿಕೆ ಬರುವಂತೆ ಮಾಡಿದ್ದ. ಕೆಳಗಿನ ಮೂರನ್ನು ಬಬಲ್ ರ‍್ಯಾಪ್‌ನಲ್ಲಿ ದಪ್ಪಗೆ ಸುತ್ತಿದ್ದ. ಬಿಚ್ಚಿದ ಕೂಡಲೇ ಮೂಗಿಗೆ ಒಂದು ಘಾಟು ಹೊಡೆಯಿತು. ಬೀರುವಿನಲ್ಲಿದ್ದ ಹಳೆ ವಸ್ತು, ಪ್ಯಾಕಿಂಗ್ ವಾಸನೆ ಇರಬಹುದು ಎಂದುಕೊಂಡು ಗಾಳಿಗೆ ಇಟ್ಟೆ.

ಸತ್ಯ ಹೊರಗೆ ಬಂದದ್ದು ತಂಗಿಯ ಮಗನಿಂದ. ಅವನಿಗೆ ನಾಲ್ಕು ವರ್ಷ. ಸ್ಟೆಗೋಸಾರಸ್ ಹಿಡಿದುಕೊಂಡು ಆಡುತ್ತಾ ಅದರ ಬಾಲದ ಮುಳ್ಳು ಬಾಯಿಗಿಟ್ಟುಕೊಂಡಿದ್ದ. ತಂಗಿ ಒಳಗಿನಿಂದ ಕೂಗಿದಳು: "ಅಣ್ಣಾ, ಇದು ಬಣ್ಣ ಬಿಡ್ತಿದೆ ನೋಡು, ನಾಲಿಗೆಯೆಲ್ಲ ಹಸಿರಾಗಿದೆ!" ಅವಳು ಮಗುವಿನ ಬಾಯಿ ತೊಳೆಸುತ್ತಿದ್ದರೆ ನನ್ನ ಎದೆ ಧಸಕ್ಕೆಂದಿತು. ಇನ್ವಿಕ್ಟಾದ ಆ ಹಳೆಯ ಒಂದೇ ಬಣ್ಣದ ಫಿಗರ್‌ನಲ್ಲಿ ಬಣ್ಣ ಬಳಿಯುವುದೇ ಇಲ್ಲ. ಬಣ್ಣ ಪ್ಲಾಸ್ಟಿಕ್ಕಿನೊಳಗೇ ಬೆರೆತಿರುತ್ತದೆ. ಅದು ನಾಲಿಗೆಗೆ ಹತ್ತುವುದು ಸಾಧ್ಯವೇ ಇಲ್ಲ. ಒದ್ದೆ ಹತ್ತಿಯಿಂದ ಉಜ್ಜಿದೆ. ಹಸಿರು ಬಣ್ಣ ಹತ್ತಿಗೆ ಬಂತು, ಒಳಗಿನಿಂದ ಬೂದು ಪ್ಲಾಸ್ಟಿಕ್ ಇಣುಕಿತು.

ಪುಣ್ಯಕ್ಕೆ ಮಗುವಿಗೆ ಏನೂ ಆಗಲಿಲ್ಲ. ಆದರೆ ಈ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಟಿಕೆಯ ಬಣ್ಣದಲ್ಲಿ ಸೀಸದಂಥ ಲೋಹ ಎಷ್ಟು ಇರಬಹುದು, ಪ್ಲಾಸ್ಟಿಕ್ ಮೆತ್ತಗಾಗಲು ಹಾಕುವ ಥ್ಯಾಲೇಟ್ ಎಷ್ಟು ಇರಬಹುದು ಎಂಬುದಕ್ಕೆ ಐಎಸ್ 9873 ಎಂಬ ಮಾನದಂಡ ಇದೆ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ. ಹೊಸದಾಗಿ ಕೊಳ್ಳುವಾಗ ಡಬ್ಬದ ಮೇಲೆ ಆ ಗುರುತು, ಅದರ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇದೆಯಾ ನೋಡಿ. ಆ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ನಿಜವೋ ಸುಳ್ಳೋ ತಿಳಿಯುತ್ತದೆ. ಹಳೆಯ ಕಲೆಕ್ಷನ್ ಫಿಗರ್‌ಗೆ ಈ ಗುರುತು ಇರುವುದಿಲ್ಲ. ಹಾಗಾಗಿ ಅಂಥದ್ದನ್ನು ಸಣ್ಣ ಮಕ್ಕಳ ಕೈಗೆ ಕೊಡಲೇಬೇಡಿ. ಈಗ ನಮ್ಮ ಮನೆಯಲ್ಲಿ ಅವು ಗಾಜಿನ ಬೀರುವಿನಲ್ಲಿವೆ.

ಸ್ಟೆಗೋಸಾರಸ್ ಕೈಕೊಟ್ಟ ಮೇಲೆ ಉಳಿದ ಎರಡರ ಮೇಲೂ ಅನುಮಾನ ಬಂತು. ಮೈಸೂರಿನ ಗೆಳೆಯನ ಬಳಿ ಅದೇ 2005ರ ಟಿ. ರೆಕ್ಸ್ ಇದೆ. ಎರಡನ್ನೂ ಅವನ ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲಿಸಿದೆವು. ಒಂದನ್ನೇ ನೋಡುವಾಗ ಕಣ್ಣು ಮೋಸ ಹೋಗುತ್ತದೆ, ಜೋಡಿಯಾಗಿ ಇಟ್ಟಾಗ ಹೋಗುವುದಿಲ್ಲ. ನನ್ನದು ಬಾಲದ ತುದಿಯಲ್ಲಿ, ತಲೆಯ ಎತ್ತರದಲ್ಲಿ ಸ್ವಲ್ಪ ಸ್ವಲ್ಪ ಗಿಡ್ಡ. ಇದಕ್ಕೆ ಕಾರಣ ಇದೆ. ಡೂಪ್ಲಿಕೇಟ್ ಮಾಡುವವರು ಒರಿಜಿನಲ್ ಫಿಗರ್ ಮೇಲೆಯೇ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ ಆರುವಾಗ ಕುಗ್ಗುತ್ತದೆ. ಹಾಗಾಗಿ ನಕಲು ಯಾವಾಗಲೂ ಅಸಲಿಗಿಂತ ಚೂರು ಚಿಕ್ಕದು. ಸಣ್ಣ ಗೆರೆಗಳೂ ಮಾಸಿಹೋಗುತ್ತವೆ. ಗೆಳೆಯನದರ ಕಣ್ಣಿನ ಸುತ್ತಲಿನ ಸುಕ್ಕನ್ನು ಉಗುರಿನಿಂದ ತಡವಿ ಎಣಿಸಬಹುದು, ನನ್ನದರಲ್ಲಿ ಅಲ್ಲಿ ಮೇಣ ಕರಗಿದ ಹಾಗೆ ನುಣುಪು. ಹಲ್ಲುಗಳು ಬಿಡಿಬಿಡಿಯಾಗಿಲ್ಲ, ಒಂದೇ ಪಟ್ಟಿಯಾಗಿ ಅಂಟಿಕೊಂಡಿವೆ. ತೊಡೆಯ ಮೇಲೆ ಅಚ್ಚು ಸೇರುವ ಗೆರೆ ಎದ್ದು ಕಾಣುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ತೂಕವೂ ಕಡಿಮೆ.

ಇಲ್ಲಿ ಒಂದು ಮಾತು. ಫಿಗರ್ ವಾಲಿದೆ ಎಂದ ಮಾತ್ರಕ್ಕೆ ಅದು ಡೂಪ್ಲಿಕೇಟ್ ಅಲ್ಲ. ಎರಡು ಕಾಲಿನ ಮೇಲೆ ನಿಲ್ಲುವ ಒರಿಜಿನಲ್‌ಗಳೂ ನಮ್ಮ ಬೇಸಿಗೆಯಲ್ಲಿ ಮೆತ್ತಗಾಗಿ ಮುಂದಕ್ಕೆ ಬಾಗುತ್ತವೆ. ಕಾಲನ್ನು ಬಿಸಿನೀರಿನಲ್ಲಿ ಅದ್ದಿ, ನೇರ ಮಾಡಿ, ತಣ್ಣೀರಿನಲ್ಲಿ ಹಿಡಿದರೆ ಸರಿಯಾಗುತ್ತದೆ. ಪರೀಕ್ಷೆ ಮಾಡಲು ಹೋಗಿ ನೇಲ್ ಪಾಲಿಶ್ ರಿಮೂವರ್ ಮಾತ್ರ ಹಾಕಬೇಡಿ. ಒರಿಜಿನಲ್ ಬಣ್ಣವೂ ಕಿತ್ತುಬರುತ್ತದೆ.

ಹಾಗಾದರೆ ಫೋಟೋದಲ್ಲಿ ಕಂಡ ಗುರುತು ಎಲ್ಲಿ ಹೋಯಿತು? ನನಗೆ ಬಂದ ಮೂರರ ಹೊಟ್ಟೆಯಡಿಯಲ್ಲೂ ಅಕ್ಷರಗಳು ಉಜ್ಜಿಹೋದಂತಿದ್ದವು. ಗೆಳೆಯ ನಾನು ಇಟ್ಟುಕೊಂಡಿದ್ದ ಫೋಟೋಗಳನ್ನು ದೊಡ್ಡದು ಮಾಡಿ ನೋಡುತ್ತಾ ಕುಳಿತ. ಫೋಟೋದ ಟಿ. ರೆಕ್ಸ್‌ನ ಎಡಗಾಲಿನ ನಡುವಿನ ಉಗುರಿನ ಮೇಲೆ ಒಂದು ಕಪ್ಪು ಬಣ್ಣದ ಹನಿ ಇತ್ತು. ಕೈಯಿಂದ ಬಣ್ಣ ಹಾಕುವಾಗ ಬಿದ್ದ ಹನಿ. ನನ್ನ ಕೈಯಲ್ಲಿದ್ದ ಫಿಗರ್‌ನಲ್ಲಿ ಅದು ಇರಲಿಲ್ಲ. ಅಂದರೆ ಮಾರುವವನ ಬಳಿ ಒಂದು ಒರಿಜಿನಲ್ ಸೆಟ್ ಇದೆ. ಫೋಟೋಗೆ, ತಾರೀಕಿನ ಚೀಟಿಗೆ, ವಿಡಿಯೋ ಕಾಲ್‌ಗೆ ಅದನ್ನೇ ಬಳಸುತ್ತಾನೆ. ಕಳಿಸುವುದು ಬೇರೆಯದನ್ನು.

ನೀವೆಲ್ಲ ಮುಖ್ಯವಾಗಿ ಗಮನಿಸಬೇಕಾದದ್ದು ಇದನ್ನೇ. ಗುರುತಿನ ಫೋಟೋ ಇದ್ದರೆ ಅವನ ಬಳಿ ಒರಿಜಿನಲ್ ಇದೆ ಎಂದಷ್ಟೇ ಗೊತ್ತಾಗುತ್ತದೆ, ನಿಮಗೆ ಅದೇ ಬರುತ್ತದೆ ಎಂದಲ್ಲ. ಒಳ್ಳೆಯ ಕಂಪನಿಗಳ ಫಿಗರ್‌ಗೆ ಬಣ್ಣ ಹಾಕುವುದರಲ್ಲಿ ಕೈಕೆಲಸ ಇರುತ್ತದೆ. ಹಾಗಾಗಿ ಒಂದೇ ಮಾಡೆಲ್‌ನ ಎರಡು ಫಿಗರ್ ಪೂರ್ತಿ ಒಂದೇ ಥರ ಇರುವುದಿಲ್ಲ. ಕಣ್ಣಿನ ಚುಕ್ಕೆ, ಉಗುರಿನ ಬಣ್ಣ, ಒಸಡಿನ ಅಂಚು ಎಲ್ಲೋ ಒಂದು ಕಡೆ ವ್ಯತ್ಯಾಸ ಇದ್ದೇ ಇರುತ್ತದೆ. ದುಡ್ಡು ಕೊಡುವ ಮೊದಲೇ ಎರಡೂ ಪಾದ, ಎರಡೂ ಕಣ್ಣು, ಬಾಯೊಳಗಿನ ಹತ್ತಿರದ ಫೋಟೋ ತರಿಸಿಕೊಳ್ಳಿ. ಪಕ್ಕದಲ್ಲಿ ಸ್ಕೇಲ್ ಇರಲಿ. ತಕ್ಕಡಿಯ ಮೇಲಿಟ್ಟು ತೂಕ ತೋರಿಸಲಿ. "ಈ ಉಗುರಿನ ಮೇಲಿನ ಹನಿ ಇರುವ ಇದೇ ಪೀಸ್ ಕಳಿಸಿ" ಎಂದು ಮೆಸೇಜ್‌ನಲ್ಲಿ ಬರೆದು ಅವನಿಂದ ಹೂಂ ಅನ್ನಿಸಿಕೊಳ್ಳಿ. ಸಾಚಾ ಮನುಷ್ಯ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಸಾಧ್ಯವಾದರೆ ಮುಖಾಮುಖಿ ನೋಡಿಯೇ ತೆಗೆದುಕೊಳ್ಳಿ.

ಅವನಿಗೆ ಫೋನ್ ಮಾಡಿದೆ. ಮೊದಲು "ಹಳೇದಲ್ವಾ ಸಾರ್, ಅಕ್ಷರ ಸವೆದಿದೆ" ಅಂದ. ಆ ಅಕ್ಷರಗಳನ್ನು ಬರೆದಿರುವುದಲ್ಲ, ಅಚ್ಚಿನಲ್ಲೇ ಮೂಡಿರುತ್ತವೆ. ಮೈಮೇಲಿನ ಬಣ್ಣ ಹಾಗೇ ಉಳಿದು ಹೊಟ್ಟೆಯಡಿಯ ಅಕ್ಷರ ಮಾತ್ರ ಸವೆಯುವುದಿಲ್ಲ. ಆಮೇಲೆ ದನಿ ಬದಲಾಯಿತು. "ಎಲ್ಲಾ ಚೈನಾದಲ್ಲೇ ಮಾಡೋದು ಸಾರ್, ಒರಿಜಿನಲ್ ಏನು ಡೂಪ್ಲಿಕೇಟ್ ಏನು" ಅಂದ. ಈ ಮಾತನ್ನು ತುಂಬ ಜನ ನಂಬುತ್ತಾರೆ, ಅದಕ್ಕೇ ಹೇಳುತ್ತೇನೆ. ಪಾಪೋ, ಸಫಾರಿ ಫಿಗರ್‌ಗಳೂ ಚೀನಾದಲ್ಲಿ ತಯಾರಾಗಿವೆ, ನಿಜ. ಪಿಎನ್‌ಎಸ್‌ಒ ಎಂಬುದು ಚೀನಾದ್ದೇ ಕಂಪನಿ, ಅವರ ಕೆಲಸ ಕಂಡರೆ ನನಗೆ ಬಹಳ ಗೌರವ. ಚೀನಾದಲ್ಲಿ ಮಾಡಿದ್ದು ಎಂಬುದು ಇಲ್ಲಿ ವಿಷಯವೇ ಅಲ್ಲ. ಒಬ್ಬ ಶಿಲ್ಪಿ ಪಳೆಯುಳಿಕೆಗಳನ್ನು ಓದಿ, ಮೂಳೆ ಸ್ನಾಯು ಲೆಕ್ಕಹಾಕಿ ಮಾಡಿದ ಕೆಲಸವನ್ನು ಕದ್ದು, ಯಾವ ಪರೀಕ್ಷೆಯೂ ಆಗದ ಬಣ್ಣ ಬಳಿದು, ಅಸಲಿ ಬೆಲೆಗೆ ಮಾರಿದ್ದಾನೆ ಎಂಬುದು ವಿಷಯ. ಇದನ್ನೇ ಹೇಳಿದೆ. ನಂಬರ್ ಬ್ಲಾಕ್ ಮಾಡಿದ.

ಆ್ಯಪ್‌ನವರು ಹಣ ತಮ್ಮ ಮೂಲಕ ಹೋಗಿಲ್ಲ ಎಂದು ಕೈಚೆಲ್ಲಿದರು. ಬ್ಯಾಂಕಿನವರು ನೀವೇ ಪಿನ್ ಹಾಕಿ ಕಳಿಸಿದ ಹಣ ಅಂದರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕಿದ್ದೇನೆ. ಉಗುರಿನ ಹನಿ ಇರುವ ಫೋಟೋ, ಡಬ್ಬ ಬಿಚ್ಚಿದ ವಿಡಿಯೋ ಎರಡನ್ನೂ ಅದರ ಜೊತೆ ಲಗತ್ತಿಸಿದ್ದೇನೆ. ಹಣ ಇನ್ನೂ ಬಂದಿಲ್ಲ. ಅಂಗಡಿಯಿಂದ ಅಥವಾ ಆನ್‌ಲೈನ್ ಮಳಿಗೆಯಿಂದ ಕೊಂಡು ಮೋಸ ಹೋದವರಿಗೆ ಗ್ರಾಹಕ ಸಹಾಯವಾಣಿ 1915 ಇದೆ. ಬಿಲ್ ಇದ್ದರೆ ಅಲ್ಲಿ ದೂರು ಕೊಡಿ, ಸುಮ್ನೆ ಬಿಡಬೇಡಿ.

ಈಚೆಗೆ ಬೇರೆ ಹೆಸರಿನ ಖಾತೆಯಲ್ಲಿ ಒಂದು ಜಾಹೀರಾತು ಬಂದಿದೆ. ಅದೇ ಮೇಜುಬಟ್ಟೆ, ಉಗುರಿನ ಮೇಲೆ ಅದೇ ಕಪ್ಪು ಹನಿ ಇರುವ ಟಿ. ರೆಕ್ಸ್. ಈ ಸಲ ಅದರ ಪಕ್ಕದಲ್ಲಿ "1980ರ ಕಾಲದ ಅಪರೂಪದ ಸ್ಪೈನೋಸಾರಸ್, 9,000 ರೂಪಾಯಿ" ಎಂದು ಇನ್ನೊಂದನ್ನು ಇಟ್ಟಿದ್ದಾನೆ. ಅದರ ಬಾಲ ದೋಣಿಯ ಹುಟ್ಟಿನಂತೆ ಅಗಲ, ಹಿಂಗಾಲು ಗಿಡ್ಡ. ಸ್ಪೈನೋಸಾರಸ್‌ಗೆ 1915ರಲ್ಲಿ ಹೆಸರಿಟ್ಟವರು ಜರ್ಮನಿಯ ವಿಜ್ಞಾನಿ ಶ್ಟ್ರೋಮರ್. ಅವರಿಗೆ ಈಜಿಪ್ಟಿನಿಂದ ಸಿಕ್ಕ ಮೂಳೆಗಳು 1944ರಲ್ಲಿ ಮ್ಯೂನಿಕ್ ಮೇಲಿನ ಬಾಂಬ್ ದಾಳಿಯಲ್ಲಿ ನಾಶವಾದವು. ಹಿಂಗಾಲು ಗಿಡ್ಡ ಎಂದು ವಿಜ್ಞಾನಿಗಳು ಬರೆದದ್ದು 2014ರಲ್ಲಿ, ಅಗಲವಾದ ಬಾಲದ ಮೂಳೆಗಳ ವಿವರ ಬಂದದ್ದು 2020ರಲ್ಲಿ. ಹಾಗಾಗಿ ಆ ಬಾಲ ಇರುವ ಫಿಗರ್ 1980ರದ್ದಾಗಲು ಸಾಧ್ಯವಿಲ್ಲ. ಆ ಕಾಲದ ಹೆಚ್ಚಿನ ಟಿ. ರೆಕ್ಸ್ ಫಿಗರ್‌ಗಳು ಬಾಲವನ್ನು ನೆಲಕ್ಕೂರಿ ನೆಟ್ಟಗೆ ನಿಲ್ಲುತ್ತಿದ್ದವು, ಈಗಿನವು ಬೆನ್ನು ಅಡ್ಡಕ್ಕೆ ಚಾಚಿ ನಿಲ್ಲುತ್ತವೆ. ಮಾರುವವನು ಹೇಳುವ ವರ್ಷಕ್ಕೂ ಪ್ರಾಣಿಯ ಆಕಾರಕ್ಕೂ ತಾಳೆಯಾಗುತ್ತದೆಯೇ ನೋಡಿಕೊಳ್ಳಿ.

ಆ ಜಾಹೀರಾತಿನ ಬಗ್ಗೆಯೂ ಆ್ಯಪ್‌ಗೆ ದೂರು ಕೊಟ್ಟಿದ್ದೇನೆ. ಇದನ್ನು ಬರೆಯುವ ಹೊತ್ತಿಗೂ ಅದು ಹಾಗೇ ಇದೆ. ಎಡಗಾಲಿನ ನಡುವಿನ ಉಗುರಿನ ಮೇಲೆ ಕಪ್ಪು ಹನಿ ಇರುವ ಕಂದು ಟಿ. ರೆಕ್ಸ್‌ನ ಫೋಟೋ ನಿಮಗೂ ಯಾರಾದರೂ ಕಳಿಸಿದ್ದರೆ ದುಡ್ಡು ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಮೆಸೇಜ್, ಯುಪಿಐ ರಸೀದಿ, ಕೊರಿಯರ್ ಚೀಟಿ ಯಾವುದನ್ನೂ ಅಳಿಸದೆ, ಬಿಸಾಡದೆ ಇಟ್ಟುಕೊಂಡು ಇವತ್ತೇ 1930ಕ್ಕೆ ಫೋನ್ ಮಾಡಿ.