ಕ್ರಿಸ್‌ಮಸ್ ರಜೆಗೆ ಯಾವ ಕೊಯ್ಲು: ಕಾಫಿಯೋ, ಅವರೆಯೋ, ಅಡಿಕೆಯೋ?

ಬೆಂಗಳೂರಿನ ಮಕ್ಕಳನ್ನು ಕೊಯ್ಲಿಗೆ ಕರೆದೊಯ್ಯಬೇಕೆಂದರೆ ಮೊದಲು ಅಡ್ಡ ಬರುವುದು ಶಾಲೆಯ ಕ್ಯಾಲೆಂಡರ್. ದಸರಾ ರಜೆಯಲ್ಲಿ ರಾಗಿ ಇನ್ನೂ ಹೊಲದಲ್ಲೇ ನಿಂತಿರುತ್ತದೆ, ಬೇಸಿಗೆ ರಜೆಯಲ್ಲಿ ಕಾಫಿಗೆ ಹೂ ಉದುರಿ ಮಿಡಿ ಕಚ್ಚಿರುತ್ತದೆ. ಉಳಿಯುವುದು ಡಿಸೆಂಬರ್ ಕೊನೆಯ ವಾರ. ಆಗ ಮೂಡಿಗೆರೆಯಲ್ಲಿ ಅರೇಬಿಕಾ ಕಾಫಿ, ಮಾಗಡಿ ಕಡೆ ಅವರೆ, ಶಿರಸಿಯಲ್ಲಿ ಅಡಿಕೆ. ಮೂರಕ್ಕೂ ಮನೆಮಂದಿಯೆಲ್ಲ ಕೈ ಹಾಕಿ ನೋಡಿದ್ದೇವೆ.

ಫೋಟೊಗೆ ಕಾಫಿ ತೋಟವೇ ಚಂದ. ಆದರೆ ಗೊಂಚಲಿನ ಹಣ್ಣೆಲ್ಲ ಒಟ್ಟಿಗೆ ಕೆಂಪಾಗುವುದಿಲ್ಲ. ಕೆಂಪನ್ನಷ್ಟೇ ಬಿಡಿಸಿ ಹಸಿರನ್ನು ಮುಂದಿನ ಸುತ್ತಿಗೆ ಬಿಡಬೇಕು. ಹೊಸಬರ ಬುಟ್ಟಿಯಲ್ಲಿ ಹಸಿರು ಬಂದೇ ಬರುತ್ತದೆ, ಸಂಜೆ ಅದನ್ನು ಕೂತು ಆರಿಸುವ ಕೆಲಸ ತೋಟದವರಿಗೆ. ಹೋಂಸ್ಟೇಗೆ ದುಡ್ಡು ಕೊಟ್ಟು ನಾವು ಕೊಯ್ಯುವ ಸಾಲಿನ ಪಕ್ಕದಲ್ಲೇ ಅಸ್ಸಾಮಿನಿಂದ ಬಂದವರು ಕೂಲಿಗೆ ಕೊಯ್ಯುತ್ತಿರುತ್ತಾರೆ, ಅದೂ ತೂಕದ ಲೆಕ್ಕದಲ್ಲಿ. ಹಣ್ಣು ತುಂಬಿದ ಗಿಡ ಕಂಡಿತೆಂದು ಅವರ ಸಾಲಿಗೆ ನುಗ್ಗಬೇಡಿ. ಅದು ಅವರ ಆ ದಿನದ ದುಡಿಮೆ.

ಚಿಕ್ಕ ಮಕ್ಕಳಿದ್ದರೆ ಮಾಗಡಿಯೇ ಸರಿ. ಐವತ್ತು ಕಿಲೋಮೀಟರ್ ಆಸುಪಾಸು, ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರಬಹುದು. ರಾಗಿ ಕೊಯ್ದು ಮೆದೆ ಹಾಕಿ ಆಗಿರುತ್ತದೆ, ರಾಗಿಯ ನಡುವೆ ಬಿತ್ತಿದ ಅಕ್ಕಡಿ ಸಾಲಿನ ಅವರೆ ಮಾತ್ರ ಹೊಲದಲ್ಲಿರುತ್ತದೆ. ಇಬ್ಬನಿ ಆರುವ ಮುಂಚೆ ಇಳಿದರೆ ಗಿಡದ ಅಂಟು, ಸೊಗಡು ಎರಡೂ ಕೈಗೆ ಮೆತ್ತಿಕೊಳ್ಳುತ್ತವೆ. ಕಾಯಿ ಒತ್ತಿ ನೋಡಿ ಕಾಳು ತುಂಬಿದೆಯೋ ಇಲ್ಲವೋ ಹೇಳುವುದನ್ನು ನಮ್ಮ ಕಿರಿಯವಳು ಹತ್ತು ನಿಮಿಷದಲ್ಲಿ ಕಲಿತಳು. ನಮ್ಮ ಕೆಲಸದಿಂದ ರೈತರಿಗೆ ನಿಜವಾಗಿ ಉಪಯೋಗವಾದದ್ದು ಇಲ್ಲೊಂದೇ ಕಡೆ. ಊಟಕ್ಕೆ ಮುದ್ದೆ, ಹಿದುಕಿದ ಅವರೆಬೇಳೆ ಸಾರು. ಅದರ ಬಗ್ಗೆ ಬರೆಯುತ್ತಾ ಹೋದರೆ ಹೋಲಿಕೆಯೇ ಕೆಡುತ್ತದೆ, ಬಿಡಿ.

ಇಷ್ಟಾದರೂ ಮತ್ತೆ ಮತ್ತೆ ಹೋಗಬೇಕೆನ್ನಿಸುವುದು ಶಿರಸಿಗೆ. ಪ್ರಯಾಣ ದೂರ, ಹಗಲಲ್ಲಿ ನಮಗೆ ಕೆಲಸವೂ ಕಮ್ಮಿ. ಅಡಿಕೆ ಮರ ಹತ್ತಿ ಕೊಯ್ಯುವ ಕೊನೆಗೌಡರು ಮರದಿಂದ ಮರಕ್ಕೆ ಬಾಗಿ ದಾಟುತ್ತಾ ಕೊನೆ, ಅಂದರೆ ಅಡಿಕೆ ಗೊಂಚಲು, ಕೊಯ್ದು ಹಗ್ಗದ ಮೇಲೆ ಜಾರಿಸುತ್ತಾರೆ. ಕೆಳಗೆ ಹಗ್ಗ ಹಿಡಿಯಲೂ ಪಳಗಿದವರೇ ಬೇಕು. ನಮ್ಮ ಪಾಲಿಗೆ ಉದುರು ಹೆಕ್ಕುವುದಷ್ಟೇ. ಮಜಾ ಇರುವುದು ರಾತ್ರಿ ಅಂಗಳದ ಸುಲಿತದಲ್ಲಿ. ಮೆಟ್ಟುಕತ್ತಿಯ ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಅಲಗಿಗೆ ಕಾಯಿ ಕೊಟ್ಟು ಸಿಪ್ಪೆ ಎಬ್ಬಿಸುತ್ತಾರೆ. ಊರ ಸುದ್ದಿಯೆಲ್ಲ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಕತ್ತಿಯನ್ನೇ ದಿಟ್ಟಿಸುತ್ತಾ ಕೂತಿದ್ದ ನನ್ನ ಹೆಂಡತಿಗೆ ಮನೆಯ ಅಜ್ಜಿ, “ಮಾತಾಡ್ತಾ ಸುಲಿ ತಂಗೀ, ಆಗ ಕೈ ಓಡ್ತು” ಎಂದರು. ಅಲಗು ಹರಿತ, ಮಕ್ಕಳನ್ನು ಹತ್ತಿರ ಬಿಡುವಂತಿಲ್ಲ. ಅವರಿಗೆ ಅಡಿಕೆ ಬೇಯುವ ಹಂಡೆಯ ಒಲೆಯ ಮುಂದೆ, ಒಂದಷ್ಟು ದೂರದಲ್ಲಿ ಜಾಗ. ಹೋಗುವವರು ಹಳೇ ಬಟ್ಟೆಯನ್ನೇ ಒಯ್ಯಿರಿ, ಅಡಿಕೆ ಚೊಗರಿನ ಕಲೆ ಯಾವ ಸೋಪಿಗೂ ಬಗ್ಗುವುದಿಲ್ಲ.